ಲಕ್ಕವಳ್ಳಿ ದಾರಿಯಲ್ಲಿ ಎಡಗಾಲು, ಬಲಗಾಲು

ತರೀಕೆರೆಯಿಂದ ಲಕ್ಕವಳ್ಳಿಗೆ ಹೆಚ್ಚೂಕಡಿಮೆ ಇಪ್ಪತ್ತು ಕಿಲೋಮೀಟರು. ಅಡಿಕೆ ತೋಟ, ತೆಂಗು, ಗದ್ದೆ, ಮತ್ತೆ ಅಡಿಕೆ ತೋಟ ಎಂದು ಸಾಗುವ ದಾರಿ. ಊರು ಹತ್ತಿರವಾದಂತೆ ಬಯಲು ಮುಗಿದು ಗುಡ್ಡಗಳು ಎದುರಿಗೆ ಬಂದು ನಿಲ್ಲುತ್ತವೆ. ಆ ಗುಡ್ಡಗಳ ಸಂದಿಯಲ್ಲೇ ಭದ್ರೆಗೆ ಕಟ್ಟೆ ಕಟ್ಟಿದ್ದು. ಗಂಗಾಮೂಲದಲ್ಲಿ ಹುಟ್ಟಿ, ಕಾಡಿನೊಳಗೆ ಹರಿದು ಬಂದ ಹೊಳೆ ಇಲ್ಲಿ ಕೆಲಕಾಲ ನಿಂತು, ಮುಂದೆ ಭದ್ರಾವತಿ ದಾಟಿ, ಕೂಡ್ಲಿಯಲ್ಲಿ ತುಂಗೆಯನ್ನು ಸೇರಿಕೊಳ್ಳುತ್ತದೆ. ಜಲಾಶಯದ ಪೂರ್ಣಮಟ್ಟ 186 ಅಡಿ, ತುಂಬಿದರೆ ಸುಮಾರು 71.5 ಟಿಎಂಸಿ ನೀರು. ಮಳೆಗಾಲ ಬಂತೆಂದರೆ ನಮ್ಮ ಕಡೆಯ ಚಹದಂಗಡಿಗಳಲ್ಲಿ ಕುಶಲ ಪ್ರಶ್ನೆಗಿಂತ ಮೊದಲು ಬರುವ ಮಾತು "ಡ್ಯಾಮು ಎಷ್ಟಡಿ ಆಯ್ತಂತೆ?" ಎಂಬುದು. ದಾವಣಗೆರೆಯ ಗದ್ದೆಯವರೆಗೂ ಈ ನೀರನ್ನು ನಂಬಿ ಸಸಿಮಡಿ ಹಾಕುವವರಿದ್ದಾರೆ.

ಈ ಸಲ ಕಟ್ಟೆ ತುಂಬಿದ ಸುದ್ದಿ ಬಂದಾಗ ನನ್ನ ಬಲಗಾಲು ಪ್ಲಾಸ್ಟರಿನಲ್ಲಿತ್ತು. ಜಡಿಮಳೆಯ ದಿನ ಹಿತ್ತಲ ಮೆಟ್ಟಿಲ ಪಾಚಿಯ ಮೇಲೆ ಜಾರಿ, ಹಿಮ್ಮಡಿಗಂಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಕಾಲೂರಬಾರದು ಎಂದು ವೈದ್ಯರ ಅಪ್ಪಣೆ. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಮೇಷ್ಟ್ರೇ, ಮಗನ ಆಟೋಮ್ಯಾಟಿಕ್ ಕಾರು ಶೆಡ್ಡಿನಲ್ಲೇ ನಿಂತಿದೆಯಲ್ಲ. ಅದಕ್ಕೆ ಕಾಲೇ ಬೇಡವಂತೆ! ಎಡಗಾಲಲ್ಲಿ ಓಡಿಸಿಕೊಂಡು ಹೋಗಬಾರದೆ?"

ಈ ಮಾತನ್ನು ಆಡಿದವರಲ್ಲಿ ಓದಿದವರೂ ಇದ್ದರು. ಆಟೋಮ್ಯಾಟಿಕ್ ಕಾರೆಂದರೆ ತಾನಾಗಿ ಓಡುವ ಕಾರು ಎಂಬ ಕಲ್ಪನೆ ನಮ್ಮಲ್ಲಿ ಹೇಗೋ ಬೇರೂರಿದೆ. ತಾನಾಗಿ ಬದಲಾಗುವುದು ಗೇರು ಮಾತ್ರ. ಮಾಮೂಲಿ ಕಾರಿನಲ್ಲಿ ಮೂರು ಪೆಡಲು: ಎಡಗಡೆ ಕ್ಲಚ್ಚು, ನಡುವೆ ಬ್ರೇಕು, ಬಲಗಡೆ ಆಕ್ಸಿಲರೇಟರು. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಪೆಡಲು ಇಲ್ಲ. ಹಾಗಾಗಿ ಎಡಗಾಲಿಗೆ ರಜೆ. ಬಲಗಾಲಿಗೆ ಮಾತ್ರ ಒಂದು ಗಳಿಗೆಯೂ ಬಿಡುವಿಲ್ಲ, ಓಡಿಸುವುದೂ ಅದೇ, ನಿಲ್ಲಿಸುವುದೂ ಅದೇ. ಹೀಗಾಗಿ ಕಾಲಿಗೆ ಪೆಟ್ಟಾದವರು ಆಟೋಮ್ಯಾಟಿಕ್ ಓಡಿಸಬಹುದೇ ಎಂದು ಯಾರಾದರೂ ಕೇಳಿದರೆ, ನಾವು ಮೊದಲು ಕೇಳಬೇಕಾದ ಮರುಪ್ರಶ್ನೆ: ಯಾವ ಕಾಲಿಗೆ?

ನನ್ನ ಪಾಲಿಗೆ ಉತ್ತರ 'ಇಲ್ಲ' ಎಂದಾಯಿತು. ಆದರೂ ತುಂಬಿದ ಕಟ್ಟೆ ನೋಡದೆ ವರ್ಷ ಕಳೆಯುವುದು ಹೇಗೆ? ಲಕ್ಕವಳ್ಳಿಯಲ್ಲಿ ಪುಸ್ತಕ, ಜೆರಾಕ್ಸಿನ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. "ಸಾರ್, ಭಾನುವಾರ ರೆಡಿಯಾಗಿರಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅವನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಶುರುವಾದದ್ದು 1995ರಲ್ಲಿ. ಅವನ ಪಾಲಿಗೆ ಆ ಎರಡು ಹನಿ ಎಂಟು ವರ್ಷ ತಡವಾಗಿ ಬಂದವು. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ದಾಖಲಾಯಿತು. 2014ರ ಮಾರ್ಚ್‌ನಲ್ಲಿ ನಮ್ಮ ದೇಶ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಇಂದಿನ ಮಕ್ಕಳು ತಮ್ಮ ತರಗತಿಯಲ್ಲಿ ಕ್ಯಾಲಿಪರ್ ತೊಟ್ಟ ಗೆಳೆಯನನ್ನು ಕಾಣುವುದಿಲ್ಲ. ನನ್ನ ತರಗತಿಗಳಲ್ಲಿ ಇಬ್ಬರು ಮೂವರಾದರೂ ಇರುತ್ತಿದ್ದರು. ಇವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅಂಕ ಕಡಿಮೆಯೆಂದಲ್ಲ, ಕಾಲು ಚಾಚಲು ಅಲ್ಲಿ ಜಾಗವಿತ್ತು.

ಭಾನುವಾರ ಬೆಳಿಗ್ಗೆ ಅವನ ಕಾರು ಮನೆ ಮುಂದೆ ನಿಂತಿತು. ಕೈ ಬದಲಿಸಿದ ಗಾಡಿ, ಮಾರುತಿಯವರ ಸೆಲೆರಿಯೊ. ಸಣ್ಣ ಕಾರುಗಳಿಗೆ ಕಡಿಮೆ ಬೆಲೆಯ ಆಟೋಮ್ಯಾಟಿಕ್ ಗೇರು ನಮ್ಮ ದೇಶದಲ್ಲಿ ಬಂದದ್ದು 2014ರಲ್ಲಿ, ಈ ಮಾದರಿಯಿಂದಲೇ. "ಹಿಂದೆ ಕೂತ್ಕೊಳ್ಳಿ ಸಾರ್, ಕಾಲು ನೀಡಿಕೊಂಡು ಕೂರಬಹುದು" ಎಂದ. "ಬೇಡ ಮಾರಾಯ, ಮುಂದೇ ಕೂರ್ತೀನಿ. ನಿನ್ನ ಕಾಲು ನೋಡಬೇಕು" ಎಂದೆ. ಅವನು ನಕ್ಕು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ನನ್ನ ಊರುಗೋಲನ್ನು ಹಿಂದಿನ ಸೀಟಿಗೆ ಹಾಕಿದ.

ದಾರಿಯುದ್ದಕ್ಕೂ ನಾನು ಗದ್ದೆ ತೋಟಕ್ಕಿಂತ ಹೆಚ್ಚು ನೋಡಿದ್ದು ಅವನ ಪಾದವನ್ನೇ. ಎಡಗಾಲು ಕ್ಯಾಲಿಪರ್ ಸಮೇತ ಬಾಗಿಲ ಬದಿಗೆ ಸರಿದು, ಪೆಡಲಿನಿಂದ ದೂರ ಕುಳಿತಿತ್ತು. ಅದು ಅಡ್ಡ ಬರದಂತೆ ಹೊರಡುವ ಮೊದಲೇ ಅವನು ಕೈಯಿಂದ ಎತ್ತಿ ಇಟ್ಟುಕೊಂಡಿದ್ದ. ಬಲಗಾಲ ಹಿಮ್ಮಡಿ ನೆಲದ ಮೇಲೆ ಬ್ರೇಕಿನ ನೇರಕ್ಕೆ ಊರಿತ್ತು. ಆಕ್ಸಿಲರೇಟರಿಗೆ ಹೋಗುವಾಗ ಹಿಮ್ಮಡಿ ಕದಲದೆ ಪಾದ ಮಾತ್ರ ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು. ಮತ್ತೆ ಬ್ರೇಕಿಗೆ ಬರುವಾಗಲೂ ಹಾಗೆಯೇ. ಈ ತಿರುಗುವಿಕೆ, ಮಣಿಯುವಿಕೆ, ಒತ್ತಡದ ಅಂದಾಜು ಎಲ್ಲವೂ ನಡೆಯುವುದು ಹಿಮ್ಮಡಿಗಂಟಿನಲ್ಲಿ. ನನ್ನ ಪ್ಲಾಸ್ಟರು ಬಿಗಿದಿಟ್ಟಿದ್ದೂ ಅದನ್ನೇ. ಪ್ಲಾಸ್ಟರು ಹಾಕಿದ ಪಾದ ಅಗಲವೂ ಹೌದು. ಬ್ರೇಕು ಒತ್ತಲು ಹೋದರೆ ಅದರ ಅಂಚು ಆಕ್ಸಿಲರೇಟರಿಗೂ ತಾಗುತ್ತದೆ. ಕೆಳಗೆ ಪೆಡಲು ಎಷ್ಟು ಇಳಿಯಿತೆಂಬುದು ಗಟ್ಟಿ ಪೊರೆಯೊಳಗಿನ ಅಂಗಾಲಿಗೆ ತಿಳಿಯುವುದೂ ಇಲ್ಲ.

ಹಾಗಾದರೆ ಎಡಗಾಲನ್ನೇ ಅಡ್ಡ ತಂದರೆ? ಆಟೋಮ್ಯಾಟಿಕ್ ಆದರೂ ಪೆಡಲುಗಳಿರುವುದು ಬಲಗಾಲಿನ ಜಾಗದಲ್ಲೇ. ಸೊಂಟ ತಿರುಚಿ ಕೂರಬೇಕು, ನೋವಿರುವ ಬಲಗಾಲನ್ನು ಎಲ್ಲಿಯಾದರೂ ಮಡಚಿಡಬೇಕು. ಇನ್ನೂ ದೊಡ್ಡ ತೊಡಕು ಅಭ್ಯಾಸದ್ದು. ಮಾಮೂಲಿ ಕಾರು ಓಡಿಸಿದವರ ಎಡಗಾಲು ವರ್ಷಗಟ್ಟಲೆ ಕಲಿತಿರುವುದು ಒಂದೇ ಪಾಠ, ಕ್ಲಚ್ಚನ್ನು ನೆಲಕ್ಕೆ ತಾಗುವಂತೆ ತುಳಿಯುವುದು. ಅದೇ ಕಾಲು ಬ್ರೇಕಿನ ಮೇಲೆ ಬಿದ್ದರೆ ಕಾರು ಗಕ್ಕನೆ ನಿಂತು ಹಣೆ ಸ್ಟಿಯರಿಂಗಿಗೆ ಬಡಿಯುತ್ತದೆ, ಹಿಂದಿನವನು ನಮಗೆ ಬಡಿಯುತ್ತಾನೆ. ಬಲಗಾಲು ಇಲ್ಲದವರಿಗೆಂದೇ ಬ್ರೇಕಿನ ಎಡಕ್ಕೆ ಇನ್ನೊಂದು ಆಕ್ಸಿಲರೇಟರು ಕೂರಿಸುವ ಸಲಕರಣೆ ಉಂಟು. ಆದರೆ ಅದು ಜೋಡಿಸಿ, ತರಬೇತಿ ಪಡೆದು, ಪರವಾನಗಿಯಲ್ಲಿ ದಾಖಲಿಸಿಕೊಂಡು ಬಳಸುವ ವಸ್ತು. ಆರು ವಾರದ ಅವಸರಕ್ಕೆ ಅಲ್ಲ.

ಇಷ್ಟನ್ನು ನಾನು ಮನೆಯಲ್ಲಿ ಕುಳಿತೇ ತರ್ಕಿಸಿದ್ದೆ. ತರ್ಕಕ್ಕೆ ಪುರಾವೆ ಸಿಕ್ಕಿದ್ದು ದಾರಿಯಲ್ಲಿ. ತಿರುವೊಂದರಲ್ಲಿ ತೋಟದ ಬೇಲಿ ಸಂದಿಯಿಂದ ಕರುವೊಂದು ರಸ್ತೆಗೆ ಹಾರಿತು. ಅವನು ಬ್ರೇಕು ಹಾಕಿದ; ಕಾರು ಮೆತ್ತಗೆ ನಿಂತಿತು. ಆದರೆ ಬ್ರೇಕು ಹಾಕಿದವನು ಅವನೊಬ್ಬನೇ ಅಲ್ಲ. ಪಕ್ಕದಲ್ಲಿ ಕುಳಿತ ನನ್ನ ಬಲಗಾಲೂ ಇಲ್ಲದ ಪೆಡಲನ್ನು ತುಳಿದಿತ್ತು! ಕಾರು ಓಡಿಸಿ ಅಭ್ಯಾಸವಿರುವ ಎಲ್ಲರ ಕಾಲೂ ಹೀಗೆಯೇ. ಕ್ಷಣಾರ್ಧದಲ್ಲಿ ಮೊಣಕಾಲಿನವರೆಗೆ ನೋವು ಚಳಕ್ಕೆಂದು ಹತ್ತಿ, ಕಾಲು ತಾನಾಗಿ ಹಿಂದಕ್ಕೆ ಸೆಳೆದುಕೊಂಡಿತು.

ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಪರಾವರ್ತಿತ ಪ್ರತಿಕ್ರಿಯೆಯ ಪಾಠವಿದೆ. ಬಿಸಿ ಪಾತ್ರೆ ಮುಟ್ಟಿದ ಕೈ ಮಿದುಳಿನ ಅಪ್ಪಣೆಗೆ ಕಾಯದೆ ಹಿಂದೆ ಸರಿಯುತ್ತದೆ. ಸಂದೇಶ ಬೆನ್ನುಹುರಿಯವರೆಗೆ ಹೋಗಿ ಅಲ್ಲಿಂದಲೇ ಮರಳುತ್ತದೆ. ಪೆಟ್ಟಾದ ಕಾಲಿನದೂ ಅದೇ ಕಥೆ. ಆಪತ್ತಿನಲ್ಲಿ ಮಿದುಳು "ಒತ್ತು" ಎನ್ನುತ್ತದೆ, ಬೆನ್ನುಹುರಿ "ತೆಗೆ" ಎನ್ನುತ್ತದೆ. ಎಷ್ಟು ಜೋರಾಗಿ ಒತ್ತಬೇಕೋ ಅಷ್ಟೇ ಜೋರಾಗಿ ನೋವು ಕಾಲನ್ನು ಬಿಡಿಸುತ್ತದೆ. ಗಟ್ಟಿ ಮನಸ್ಸಿನವರಿಗೆ ಇದು ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆನ್ನುಹುರಿ ಮನಸ್ಸನ್ನು ಕೇಳುವುದಿಲ್ಲ.

ಒಂದು ಸಣ್ಣ ಲೆಕ್ಕ. ಗಂಟೆಗೆ 50 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಬ್ರೇಕಿನ ಮೇಲೆ ಕಾಲು ಬೀಳುವುದು ಅರ್ಧ ಸೆಕೆಂಡು ತಡವಾದರೆ ಕಾರು ಏಳು ಮೀಟರು ಹೆಚ್ಚಿಗೆ ಹೋಗಿರುತ್ತದೆ. ಏಳು ಮೀಟರೆಂದರೆ ನಮ್ಮ ಶಾಲೆಯ ಒಂದು ಕೋಣೆಯ ಉದ್ದ. ಕರಿಹಲಗೆಯಿಂದ ಕೊನೆಯ ಬೆಂಚಿನವರೆಗೆ. ಆ ಕರು ನಮ್ಮಿಂದ ಅಷ್ಟು ದೂರದಲ್ಲಿರಲಿಲ್ಲ.

ಬಲ ಹಿಮ್ಮಡಿಗಂಟು ಮುರಿದು ಶಸ್ತ್ರಚಿಕಿತ್ಸೆಯಾದವರನ್ನು ಅಣಕು ಕಾರಿನಲ್ಲಿ ಕೂರಿಸಿ ಅಮೆರಿಕದ ಮೂಳೆ ವೈದ್ಯರು ಈ ವಿಳಂಬವನ್ನು ಅಳೆದು 2003ರಲ್ಲಿ ಪ್ರಕಟಿಸಿದರು. ಬ್ರೇಕು ಹಾಕುವ ವೇಗ ಆರೋಗ್ಯವಂತರ ಮಟ್ಟಕ್ಕೆ ಮರಳಲು ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ವಾರ ಹಿಡಿಯಿತೆಂದು ಅವರು ಕಂಡರು. ಪ್ಲಾಸ್ಟರು ಬಿಚ್ಚಿದ ಮಾರನೆಯ ದಿನವೇ ಕೀಲಿಕೈ ಕೇಳುವವರು ಇದನ್ನು ನೆನಪಿಡಬೇಕು.

ಅಷ್ಟರಲ್ಲಿ ಲಕ್ಕವಳ್ಳಿ ಬಂತು. ಕಟ್ಟೆ ಕಾಣುವಲ್ಲಿ ರಸ್ತೆಯಂಚಿಗೆ ಗಾಡಿ ನಿಲ್ಲಿಸಿ ಗಾಜು ಇಳಿಸಿದ. ತೆಳ್ಳನೆಯ ಮಳೆ. ಆ ಬದಿಯ ಗುಡ್ಡಗಳು ಅರ್ಧ ಮಂಜಿನಲ್ಲಿದ್ದವು. ಅಣೆಕಟ್ಟೆಯ ಎದುರು ನಿಂತಾಗಲೆಲ್ಲ ವಿಜ್ಞಾನದ ಮೇಷ್ಟ್ರಿಗೆ ಪಾಠ ನೆನಪಾಗದೆ ಇರುವುದಿಲ್ಲ. 186 ಅಡಿ ಎಂದರೆ ಸುಮಾರು 57 ಮೀಟರು. ಅಷ್ಟು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಐದೂವರೆ ಕಿಲೋ ತೂಕಕ್ಕಿಂತ ಹೆಚ್ಚಾಗಿ ಒತ್ತುತ್ತಿರುತ್ತದೆ. ಕಟ್ಟೆಯ ಬುಡ ಅಷ್ಟು ದಪ್ಪವಿರುವುದು ಅದಕ್ಕೇ.

"ಇದಕ್ಕಿಂತ ಹತ್ತು ಪಟ್ಟು ಒತ್ತಡ ಆಗಲೇ ನಿನ್ನ ಕಾಲಡಿ ಇತ್ತು ಗೊತ್ತಾ?" ಎಂದೆ. ಅವನು ನಂಬಲಿಲ್ಲ. ಆದರೆ ಮಾತು ನಿಜವೇ. ಜೋರಾಗಿ ಬ್ರೇಕು ಹಾಕಿದಾಗ ಬ್ರೇಕಿನ ಕೊಳವೆಯೊಳಗಿನ ದ್ರವದ ಒತ್ತಡ ತುಂಬಿದ ಭದ್ರಾ ಕಟ್ಟೆಯ ಬುಡದ ಒತ್ತಡದ ಹತ್ತು ಪಟ್ಟನ್ನು ಮೀರಬಹುದು. ಬ್ರೇಕಿನ ಪೆಡಲು ಎರಡನೆಯ ವರ್ಗದ ಸನ್ನೆ. ಅದು ನಮ್ಮ ಬಲವನ್ನು ಮೂರು ನಾಲ್ಕು ಪಟ್ಟು ಮಾಡುತ್ತದೆ; ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರು ಇನ್ನಷ್ಟು ಸೇರಿಸುತ್ತದೆ; ಪಾಸ್ಕಲನ ನಿಯಮದಂತೆ ಆ ಒತ್ತಡ ಕುಗ್ಗದೆ ನಾಲ್ಕೂ ಗಾಲಿಗೆ ತಲುಪುತ್ತದೆ. ಇಷ್ಟೆಲ್ಲ ಸಹಾಯವಿದ್ದರೂ ಮೊದಲ ಬಲ ಪಾದದಿಂದಲೇ ಬರಬೇಕು. ಇಂಜಿನ್ನು ನಿಂತುಹೋಯಿತು ಎನ್ನಿ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಒತ್ತುವುದರೊಳಗೆ ತೀರಿ, ಪೆಡಲು ಕಲ್ಲಿನಂತಾಗುತ್ತದೆ. ಆಗ ಇಡೀ ದೇಹದ ಭಾರ ಹಾಕಿ ತುಳಿಯಬೇಕು. ಕುಂಟುವ ಬಲಗಾಲು ಆ ಹೊತ್ತಿಗೆ ಒದಗುವುದಿಲ್ಲ.

ಕಟ್ಟೆಯ ಕೆಳಗಿನ ವಿದ್ಯುದಾಗಾರಕ್ಕೂ ಆಟೋಮ್ಯಾಟಿಕ್ ಕಾರಿಗೂ ದೂರದ ನೆಂಟಸ್ತಿಕೆಯಿದೆ. ಅಲ್ಲಿ ನೀರು ಟರ್ಬೈನನ್ನು ತಿರುಗಿಸುತ್ತದೆ. ಹಳೆಯ ಬಗೆಯ ಆಟೋಮ್ಯಾಟಿಕ್ ಗೇರಿನೊಳಗೂ ಒಂದು ಟರ್ಬೈನು ಉಂಟು. ಇಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಎರಚುತ್ತದೆ, ಎಣ್ಣೆ ಎದುರಿನ ಟರ್ಬೈನನ್ನು ತಿರುಗಿಸಿ ಗಾಲಿಗೆ ಬಲ ಕಳಿಸುತ್ತದೆ. ನಡುವೆ ಲೋಹಕ್ಕೆ ಲೋಹ ತಾಗದ ಕಾರಣ ಕ್ಲಚ್ಚು ತುಳಿಯುವ ಕೆಲಸವೇ ಇಲ್ಲ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಹಡಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾರಿನಲ್ಲಿ ಪೂರ್ತಿ ಆಟೋಮ್ಯಾಟಿಕ್ ಗೇರನ್ನು ದೊಡ್ಡ ಸಂಖ್ಯೆಯಲ್ಲಿ ಮಾರಿದ್ದು ಅಮೆರಿಕದ ಜನರಲ್ ಮೋಟಾರ್ಸ್, 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಂದ. ನನ್ನ ಶಿಷ್ಯನ ಗಾಡಿಯದು ಇನ್ನೂ ಸರಳ. ಮಾಮೂಲಿ ಗೇರುಪೆಟ್ಟಿಗೆ, ಮಾಮೂಲಿ ಕ್ಲಚ್ಚು. ತುಳಿಯುವ ಕೆಲಸವನ್ನು ಮಾತ್ರ ಯಂತ್ರ ವಹಿಸಿಕೊಂಡಿದೆ. ಕ್ಲಚ್ಚು ಇದೆ, ಪೆಡಲಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಈ ಬಗೆಯ ಗಾಡಿ ತುಸು ಹಿಂದೆ ಜಾರಬಹುದು. ಅದಕ್ಕೇ ಅವನು ಏರಿನಲ್ಲಿ ಹ್ಯಾಂಡ್‌ಬ್ರೇಕು ಎಳೆದು, ಗಾಡಿ ಮುಂದಕ್ಕೆ ತುಯ್ಯತೊಡಗಿದ ಮೇಲೆ ಬಿಡುತ್ತಿದ್ದ.

ಅಂಗಡಿಯ ಹಿಂದೆಯೇ ಅವನ ಮನೆ. ಕಾಫಿ ಕುಡಿಯುತ್ತ ಅವನು ತನ್ನ ಗಾಡಿಗಳ ಕಥೆ ಹೇಳಿದ. ಮೊದಲು ಇದ್ದದ್ದು ಸರ್ಕಾರದಿಂದ ವಿಕಲಚೇತನರಿಗೆ ಕೊಡುವ, ಹಿಂದೆ ಹೆಚ್ಚುವರಿ ಗಾಲಿಯಿರುವ ಸ್ಕೂಟರು. ಅದು ಬರುವ ತನಕ ಬಸ್ಸಿಗೆ ಯಾರಾದರೂ ಎತ್ತಿ ಹತ್ತಿಸಬೇಕಿತ್ತು. ಅದು ಬಂದ ದಿನ ಒಬ್ಬನೇ ಮೂರು ಸಲ ಕಟ್ಟೆಯವರೆಗೆ ಹೋಗಿ ಬಂದನಂತೆ, ಏನೂ ಕೆಲಸವಿಲ್ಲದೆ. ಆದರೆ ಶಿವಮೊಗ್ಗದಿಂದ ನೋಟ್‌ಬುಕ್ಕಿನ ಕಟ್ಟು ತರುವಾಗ ಮಲೆನಾಡ ಮಳೆ ಸ್ಕೂಟರನ್ನು ಬಿಡುತ್ತದೆಯೇ? ಒಂದು ಜೂನ್‌ನಲ್ಲಿ ಶಾಲೆ ಶುರುವಾಗುವ ವಾರವೇ ಆ ವರ್ಷದ ಲಾಭವೆಲ್ಲ ನೆನೆದು ಮುದ್ದೆಯಾಯಿತು. ಆಗಲೇ ಕಾರಿನ ಯೋಚನೆ ಬಂದದ್ದು. ಅವನ ತಂದೆ ಒಪ್ಪಲಿಲ್ಲ. "ನಡೆಯೋಕೇ ಕಷ್ಟ, ಇನ್ನು ಕಾರು ಬೇರೆ" ಎಂಬುದು ಅವರ ಮಾತು. ಅದರಲ್ಲಿ ಪ್ರೀತಿ, ಭಯ ಎರಡೂ ಇತ್ತು. ಒಂದು ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಮೊದಲೇ "ಕಾಲಿಲ್ಲದವರಿಗೆ ಲೈಸೆನ್ಸ್ ಕೊಡಲ್ಲ" ಎಂದು ಯಾರೋ ಹೇಳಿ ಕಳಿಸಿದರಂತೆ.

ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಅಂಗವೈಕಲ್ಯವಿರುವವರಿಗೆ ಪರವಾನಗಿಯ ದಾರಿ ಇತ್ತು. ಆದರೆ ಅವರ ವಾಹನ ಮೂಲದಲ್ಲೇ ಅವರಿಗಾಗಿ ತಯಾರಾಗಿರಬೇಕು, ಬರೇ ಮಾರ್ಪಡಿಸಿದ್ದಾದರೆ ಸಾಲದು ಎಂಬಂಥ ವ್ಯಾಖ್ಯೆ. ಹಾಗೆ ತಯಾರಾದ ಕಾರನ್ನು ಎಲ್ಲಿಂದ ತರುವುದು? 2019ರ ತಿದ್ದುಪಡಿ ಈ ವ್ಯಾಖ್ಯೆಯನ್ನು ಬದಲಿಸಿ, ನಿಯಮದಂತೆ ಮಾರ್ಪಡಿಸಿದ ವಾಹನವನ್ನೂ ಒಳಗೆ ತಂದಿತು. ಓಡಿಸಲು ಶಕ್ತನೆಂದು ಅಧಿಕಾರಿಗೆ ಮನವರಿಕೆಯಾದರೆ ಪರವಾನಗಿ ಕೊಡಬಹುದು. ಕೇಳಬೇಕಾದ ಪ್ರಶ್ನೆ ಕಾಲು ಹೇಗಿದೆ ಎಂಬುದಲ್ಲ, ಗಾಡಿ ಹಿಡಿತದಲ್ಲಿರುತ್ತದೆಯೇ ಎಂಬುದು. ನನ್ನ ಶಿಷ್ಯ ವೈದ್ಯರ ಪ್ರಮಾಣಪತ್ರ ಹಿಡಿದು, ಪರೀಕ್ಷೆಯಲ್ಲಿ ಗಾಡಿ ಓಡಿಸಿ ತೋರಿಸಿ ಪರವಾನಗಿ ಪಡೆದ. ತಂದೆ ಮೊದಲ ಸಲ ಆ ಕಾರು ಹತ್ತಿದ್ದು ಆಸ್ಪತ್ರೆಗೆ ಹೋಗಲು, ನಡುರಾತ್ರಿಯಲ್ಲಿ. ಬಳಿಕ ಅವರು ಆಕ್ಷೇಪಣೆ ಎತ್ತಲಿಲ್ಲ.

ಅದೇ ಕಾಯ್ದೆಯ 186ನೆಯ ಕಲಮು ಇನ್ನೊಂದು ಬದಿಯನ್ನು ಕಾಯುತ್ತದೆ. (ಕಟ್ಟೆಯ ಅಡಿಗೂ ಕಾಯ್ದೆಯ ಕಲಮಿಗೂ ಸಂಖ್ಯೆ ಒಂದೇ ಆದದ್ದು ಕಾಕತಾಳೀಯ.) ತನ್ನ ದೇಹಸ್ಥಿತಿಯಿಂದ ಇತರರಿಗೆ ಅಪಾಯವಾಗುತ್ತದೆಂದು ತಿಳಿದೂ ವಾಹನ ಓಡಿಸಿದರೆ ಮೊದಲ ಸಲಕ್ಕೆ ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ಎರಡು ಸಾವಿರದವರೆಗೆ. ಪ್ಲಾಸ್ಟರು ಹಾಕಿದ ಬಲಗಾಲಿನವನು ತನಗೆ ತಿಳಿದಿರಲಿಲ್ಲ ಎನ್ನುವುದು ಹೇಗೆ? ನನ್ನದು ಆರು ವಾರದ ಗಾಯ, ಅವನದು ಜನ್ಮವಿಡೀ ಇರುವ ಊನ. ಆದರೂ ಗಾಡಿ ಓಡಿಸುವ ಯೋಗ್ಯತೆ ಅವನಿಗಿದೆ, ನನಗಿಲ್ಲ. ಊರವರ ಸಹಾನುಭೂತಿ ಮಾತ್ರ ಇದಕ್ಕೆ ತಿರುಗುಮುರುಗು. ನನಗೆ ಓಡಿಸು ಎಂದರು, ಅವನಿಗೆ ಬೇಡ ಎಂದರು.

ಚರಿತ್ರೆಯಲ್ಲೂ ಇದಕ್ಕೆ ನಿದರ್ಶನವಿದೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1921ರಿಂದ ಎರಡೂ ಕಾಲಿನ ಬಲ ಹೋಗಿತ್ತು. ತಮ್ಮ ಫೋರ್ಡ್ ಕಾರಿಗೆ ಕೈಯಿಂದ ನಡೆಸುವ ಸನ್ನೆಗಳನ್ನು ಹಾಕಿಸಿಕೊಂಡಿದ್ದರು. 1942ರ ಜೂನ್‌ನಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಡ್ಸನ್ ನದಿಯ ಕಡಿದಾದ ದಂಡೆಯ ಮೇಲೆ ಸುತ್ತಾಡಿಸಿದರು. ನನ್ನ ತೋಳು ಮುಟ್ಟಿ ನೋಡಿ ಎಂದು ಚರ್ಚಿಲ್ಲರಿಗೆ ಹೇಳಿದರಂತೆ. ಚರ್ಚಿಲ್ಲರೇ ಇದನ್ನು ಬರೆದಿಟ್ಟಿದ್ದಾರೆ. ನಮ್ಮ ನೆರೆಯ ಕೇರಳದ ಇಡುಕ್ಕಿಯ ಜಿಲುಮೋಲ್ ಮೇರಿಯಟ್ ಥಾಮಸ್ ಅವರಿಗೆ ಹುಟ್ಟಿನಿಂದ ಎರಡೂ ಕೈಗಳಿಲ್ಲ. ಪಾದದಿಂದ ಸ್ಟಿಯರಿಂಗು ತಿರುಗಿಸುತ್ತ, ಮಾರ್ಪಡಿಸಿದ ಕಾರು ಓಡಿಸಿ 2023ರಲ್ಲಿ ಪರವಾನಗಿ ಪಡೆದರು. ಇಬ್ಬರೂ ಗಾಡಿಯನ್ನು ತಮ್ಮ ದೇಹಕ್ಕೆ ಹೊಂದಿಸಿಕೊಂಡು, ಕಲಿತು, ಆಮೇಲೆ ರಸ್ತೆಗಿಳಿದವರು.

ಹಾಗೆಂದು ಎಡಗಾಲಿಗೆ ಪೆಟ್ಟಾದವರೆಲ್ಲ ಆಟೋಮ್ಯಾಟಿಕ್ ಇದೆಯೆಂದು ಹೊರಟುಬಿಡಬಹುದೇ? ಅದೂ ಅಷ್ಟು ಸಲೀಸಲ್ಲ. ತೊಡೆಯವರೆಗೆ ಪ್ಲಾಸ್ಟರಿದ್ದರೆ ಮೊಣಕಾಲು ಮಡಚದೆ ಸೀಟಿನಲ್ಲಿ ಸರಿಯಾಗಿ ಕೂರಲಾಗದು. ಆ ಕಾಲು ಜಾರಿ ಬ್ರೇಕಿನ ಕೆಳಗೆ ಸೇರಿದರೆ ಮುಗಿಯಿತು. ಕೆಲವು ನೋವಿನ ಮಾತ್ರೆಗಳು ತೂಕಡಿಕೆ ತರುತ್ತವೆ. ಕಾರು ಕೆಟ್ಟು ನಿಂತರೆ ಊರುಗೋಲು ಹಿಡಿದು ಇಳಿದು ರಸ್ತೆಯಂಚಿಗೆ ಸರಿಯಬೇಕಾಗುತ್ತದೆ. ಇದನ್ನೆಲ್ಲ ವೈದ್ಯರ ಮುಂದೆ ಹೇಳಿ, 'ನಡೆಯಬಹುದೇ' ಎಂದು ಕೇಳಿದ ಹಾಗೆಯೇ 'ಓಡಿಸಬಹುದೇ' ಎಂದೂ ಬೇರೆಯಾಗಿ ಕೇಳಬೇಕು. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ. ಅಪ್ಪನ ಕಾಲಿಗೆ ಪೆಟ್ಟಾಗಿದೆಯೆಂದು ಹದಿನೈದರ ಮಗನ ಕೈಗೆ ಆಟೋಮ್ಯಾಟಿಕ್ ಕಾರಿನ ಕೀಲಿ ಕೊಡುವ ಮನೆಗಳನ್ನೂ ನಾನು ಕಂಡಿದ್ದೇನೆ. ಗೇರು ಸುಲಭವಾದ ಮಾತ್ರಕ್ಕೆ ರಸ್ತೆ ಸುಲಭವಾಗುವುದಿಲ್ಲ, ಪರವಾನಗಿಯ ವಯಸ್ಸೂ ಇಳಿಯುವುದಿಲ್ಲ.

ಸಂಜೆಗೆ ಮಳೆ ಬಿಟ್ಟಿತು. ಹಿನ್ನೀರಿನ ಕಡೆಗೆ ಒಂದು ಸುತ್ತು ಹಾಕಿದೆವು. ಆ ಬದಿಯದೆಲ್ಲ ಭದ್ರಾ ಅಭಯಾರಣ್ಯ. 1998ರಿಂದ ಹುಲಿ ಮೀಸಲು ಪ್ರದೇಶ. ಕಾಡೊಳಗೆ ಹಳ್ಳಿ ಮಾಡಿಕೊಂಡಿದ್ದ ಅನೇಕ ಕುಟುಂಬಗಳು 2001–02ರಲ್ಲಿ ಹೊರಬಂದು ಎಂ.ಸಿ.ಹಳ್ಳಿಯಲ್ಲಿ ನೆಲೆಸಿದರು. ಅವರ ಮಕ್ಕಳು ಕೆಲವರು ಇವನ ಅಂಗಡಿಯ ಗಿರಾಕಿಗಳು. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಗುಂಪು ಗುಂಪಾಗಿ ಮೊಟ್ಟೆಯಿಡುತ್ತವೆ. ಈಗ ಆ ನಡುಗಡ್ಡೆಗಳೆಲ್ಲ ನೀರಿನಡಿ.

ಅವನ ಮಗಳು ಎಂಟನೆಯ ತರಗತಿ. ಹಿಂದಿನ ಸೀಟಿನಿಂದ ನನ್ನ ಊರುಗೋಲು ಹಿಡಿದುಕೊಂಡು, "ಸಾರ್, ನಿಮ್ಮ ಕಾಲು ಸರಿಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ವೈದ್ಯರು ಒಪ್ಪಿದ ಮೇಲೆ, ನಿಂತ ಕಾರಿನಲ್ಲಿ, ಇಂಜಿನ್ನು ಆರಿಸಿ, ಗಟ್ಟಿಯಾದ ಪೆಡಲನ್ನು ಪೂರ್ತಿ ಬಲ ಹಾಕಿ ತುಳಿದು ನೋಡಬೇಕು ಎಂದೆ. ಕಾಲು ಹಿಂದೆ ಸರಿಯಿತೋ, ಇನ್ನೂ ಕಾಯಬೇಕು. ಆಮೇಲೆ ಖಾಲಿ ಮೈದಾನದಲ್ಲಿ, ಪಕ್ಕದಲ್ಲಿ ಓಡಿಸಬಲ್ಲವರೊಬ್ಬರನ್ನು ಕೂರಿಸಿಕೊಂಡು ಒಂದೆರಡು ದಿನ. ಪಕ್ಕದಲ್ಲಿ ಕೂರಲು ಅವಳ ಅಪ್ಪ ಒಪ್ಪಿದ್ದಾನೆ. ಅಲ್ಲಿಯವರೆಗೆ ಶೆಡ್ಡಿನ ಕಾರಿನ ಬ್ಯಾಟರಿ ಇಳಿಯದಂತೆ ವಾರಕ್ಕೊಮ್ಮೆ ಅವನೇ ಬಂದು ತರೀಕೆರೆ ಪೇಟೆಯಲ್ಲಿ ಒಂದು ಸುತ್ತು ಓಡಿಸಿ ನಿಲ್ಲಿಸುತ್ತಾನಂತೆ.